ಗೇಟು ಕಂಪನಿಯದು, ಸಂಬಳ ಏಜೆನ್ಸಿಯದು

ತುಮಕೂರಿನ ವಸಂತನರಸಾಪುರ, ಕುಣಿಗಲ್‌ನ ಅಂಚೇಪಾಳ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಐಟಿಐ ಮುಗಿಸಿದ ಹಲವರು ಕೆಲಸಕ್ಕೆ ಸೇರುವುದು ಏಜೆನ್ಸಿ ಮೂಲಕ. ದುಡಿಯುವುದು ಕಾರ್ಖಾನೆಯಲ್ಲಿ, ಸಂಬಳದ ಚೀಟಿ ಮಾತ್ರ ಗುತ್ತಿಗೆದಾರನದು. 'ಆಮೇಲೆ ಪರ್ಮನೆಂಟ್ ಮಾಡ್ತಾರೆ' ಅನ್ನೋ ಬಾಯಿಮಾತು ಲೆಕ್ಕಕ್ಕಿಲ್ಲ. ನೇಮಕಾತಿ ಪತ್ರದಲ್ಲಿದ್ದರೆ ಉಂಟು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ, ಅಂದರೆ ಕಾರ್ಖಾನೆಯವರೇ, ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಷ್ಟು ಹಳೆಯದು (ಎಷ್ಟು ಜನಕ್ಕೆ ಗೊತ್ತೋ!). ಏಜೆನ್ಸಿ ಬದಲಾದರೂ ಪಿಎಫ್‌ನ ಯುಎಎನ್ ನಂಬರ್ ಒಂದೇ ಇರಬೇಕು. ಪ್ರತಿ ಸಲ ಹೊಸದು ಮಾಡಿಸಿದರೆ ಹಳೇ ದುಡ್ಡು ತೆಗೆಯುವುದು ತಲೆನೋವು. ಇನ್ನು ನೇರ ನೇಮಕಾತಿಯ ಮಾತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಸರ್ಕಾರಿ ಸಂಸ್ಥೆಯದು. ಅದರ ನೇಮಕಾತಿ ಪ್ರಕಟಣೆ ಸಂಸ್ಥೆಯ ಜಾಲತಾಣದಲ್ಲೇ ಬರುತ್ತದೆ. ಅಲ್ಲಿ ಕೆಲಸ ಕೊಡಿಸ್ತೀನಿ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.