ರೋಜಾದಿಂದ ಕಮಲಾಪುರಕ್ಕೆ: ಒಂದು ಹಳೆಯ ಎಂಜಿನಿನ ಆಯ್ಕೆ

ಕಲಬುರಗಿಯ ಕೋಟೆಯನ್ನು ಹಿಂದೆ ಬಿಟ್ಟು, ಊರನ್ನು ಪೂರ್ವದ ಕಡೆಗೆ ದಾಟಿ ನಡೆದರೆ ವಿಶಾಲವಾದ ಗುಮ್ಮಟವೊಂದು ಕಣ್ಣಿಗೆ ಬೀಳುತ್ತದೆ. 1422ರಲ್ಲಿ ಕಾಲವಾದ ಖ್ವಾಜಾ ಬಂದೇ ನವಾಜ್ ಗೇಸೂದರಾಜರ ದರ್ಗಾ ಅದು. ಸುತ್ತಲಿನ ಬಡಾವಣೆಗೆ ರೋಜಾ ಎಂಬ ಹೆಸರು ಬಂದಿರುವುದು ಆ ಸಮಾಧಿಯಿಂದ. ಹೆಸರನ್ನು ಕೇಳಿ ಹೂವನ್ನು ನೆನೆಯುವ ಪರಊರಿನವರಿಗೆ ಇದನ್ನು ಹೇಳಬೇಕಾಗುತ್ತದೆ. ಉರುಸಿನ ದಿನ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಟ ಗಂಧದ ಮೆರವಣಿಗೆ ಇಲ್ಲಿಗೆ ಬಂದು ಸೇರುತ್ತದೆ.

ಯಾತ್ರಿಕರು ಹಿಂದೆ ಎತ್ತಿನ ಗಾಡಿಗಳಲ್ಲಿ ಬರುತ್ತಿದ್ದರು. ಅನಂತರ ಮೋಟಾರಿನ ಕಾಲ ಬಂದಿತು. ಕಲಬುರಗಿ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ, ನಿಜಾಮರ ರೈಲ್ವೆಯ ಅಧೀನದಲ್ಲಿಯೇ 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆ ಮೊದಲಾಯಿತು. ಬಂಡಿ ಓಡುವ ಊರಿನಲ್ಲಿ ಬಂಡಿ ಕೆಡುವುದೂ ಉಂಟು. ಕೆಟ್ಟ ಬಂಡಿಯನ್ನು ಸರಿಪಡಿಸುವ ಮಿಸ್ತ್ರಿ ಅಲ್ಲಿ ಹುಟ್ಟದೆ ಇರಲಾರ. ಹೀಗೆ ಬೆಳೆದುಬಂದ ಕೈಗಾರಿಕೆಯ ನೆರಳಿನಲ್ಲಿ ಈಚೆಗೆ ಒಂದು ಹವ್ಯಾಸ ತಲೆಯೆತ್ತಿದೆ. ಗುಜರಿಯ ಪಾಲಾಗಬೇಕಾದ ಹಳೆಯ ಕಾರಿನ ಎಂಜಿನೊಂದನ್ನು ತಂದು, ಬಿಚ್ಚಿ, ತೊಳೆದು, ಮತ್ತೆ ಉಸಿರಾಡಿಸುವ ಹವ್ಯಾಸ ಅದು. ಬಿಡುವಿನ ಭಾನುವಾರಗಳನ್ನು ಇದಕ್ಕೆ ಮೀಸಲಿಡಲು ಸಿದ್ಧನಾದ ತರುಣನ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಒಂದೇ: ಯಾವ ಎಂಜಿನು?

ಮನಸ್ಸು ಸಹಜವಾಗಿ ಅಪರೂಪದ ಕಡೆಗೆ ಹರಿಯುತ್ತದೆ. ಯಾವುದೋ ಹಳೆಯ ವಾಡೆಯ ಕೊಟ್ಟಿಗೆಯಲ್ಲಿ ಚೆವ್ರೊಲೆಟ್ ಅಥವಾ ಬ್ಯೂಕ್ ಇದೆಯೆಂದು ಕೇಳಿದರೆ ಸಾಕು, ನಿದ್ರೆ ಕೆಡುತ್ತದೆ. ಆದರೆ ಅನುಭವಿಯಾದ ಮಿಸ್ತ್ರಿಯ ಬಳಿ ಇಂಥ ವಿಷಯ ಎತ್ತಿದರೆ ಮಾತು ಹೀಗೆ ಸಾಗುವುದು:

“ಚಾಚಾ, ಇದು ತಿರುಗತದೇನ್ರಿ?”

“ತಿರುಗೋದು ಆಮ್ಯಾಲೆ ನೋಡಮು ಬೇಟಾ. ಮೊದಲ ಇದರ ರಿಂಗು ಎಲ್ಲಿ ಸಿಗ್ತಾವ, ಅದು ಹೇಳು.”

ಈ ಒಂದು ಮಾತಿನಲ್ಲಿ ಆಯ್ಕೆಯ ತತ್ತ್ವವೆಲ್ಲ ಅಡಗಿದೆ. ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ಟುಗಳು ದೊರೆಯದ ಎಂಜಿನು ಎಷ್ಟು ಘನತೆಯದಾದರೂ ತಾಡಪತ್ರಿಯ ಕೆಳಗೆ ತುಕ್ಕು ಹಿಡಿಯುತ್ತ ಕೂಡುತ್ತದೆ. ಹಣದೊಡನೆ ಉತ್ಸಾಹವೂ ಅಲ್ಲಿಯೇ ಹೂತುಹೋಗುತ್ತದೆ.

ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಎಂಜಿನುಗಳನ್ನು ನೋಡೋಣ. 1959ರ ಸುಮಾರಿಗೆ ಅಂಬಾಸಡರಿಗೆ ಬಂದ 1489 ಸಿ.ಸಿ.ಯ ಎಂಜಿನಿನಲ್ಲಿ ಬ್ಲಾಕೂ ಬೀಡುಕಬ್ಬಿಣ, ಹೆಡ್ಡೂ ಬೀಡುಕಬ್ಬಿಣ. ಭಾರ ಬಹಳ, ವೇಗ ಅಷ್ಟಕ್ಕಷ್ಟೆ. ಆದರೆ ತಪ್ಪುಗಳನ್ನು ಕ್ಷಮಿಸುವ ಗುಣ ದೊಡ್ಡದು. ಫಿಯೆಟ್ 1100 ಎಂದು ಬಂದು 1974ರಿಂದ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಕಾರಿನದು 1089 ಸಿ.ಸಿ.ಯ ಎಂಜಿನು. ಹಗುರ, ಚುರುಕು, ಅದರ ಹೆಡ್ಡು ಅಲ್ಯೂಮಿನಿಯಮ್ಮಿನದು. ಮಹೀಂದ್ರ ಜೀಪಿನ 2.2 ಲೀಟರಿನ ‘ಹರಿಕೇನ್’ ಎಂಜಿನಿನಲ್ಲಿ ಒಳಬರುವ ವಾಲ್ವುಗಳು ಹೆಡ್ಡಿನಲ್ಲಿಯೂ ಹೊಗೆ ಬಿಡುವ ವಾಲ್ವುಗಳು ಬ್ಲಾಕಿನಲ್ಲಿಯೂ ಇರುವುದು ವಿಶೇಷ. ಕಲಿಯುವವನಿಗೆ ಅದೊಂದು ಪಾಠಶಾಲೆಯೇ ಸರಿ. 1983ರಲ್ಲಿ ಬಂದ ಮಾರುತಿ 800ರ ಮೂರು ಸಿಲಿಂಡರುಗಳ 796 ಸಿ.ಸಿ. ಎಂಜಿನು ಎಲ್ಲಕ್ಕಿಂತ ಸುಲಭವಾಗಿ ದೊರೆಯುವಂಥದು. ಮಾರುತಿ 800 ಮತ್ತು ಅಂಬಾಸಡರ್ ಎರಡರ ತಯಾರಿಕೆಯೂ 2014ರಲ್ಲಿಯೇ ನಿಂತುಹೋಯಿತು.

ಕಲಬುರಗಿಯ ಬೇಸಗೆಯೂ ಈ ಆಯ್ಕೆಯಲ್ಲಿ ಬಾಯಿ ಹಾಕುತ್ತದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವ ಊರಿದು. ರೇಡಿಯೇಟರಿನಲ್ಲಿ ನೀರು ಬತ್ತಿ ಕುದಿದ ಎಂಜಿನಿನ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುವ ಸಂಭವ ಹೆಚ್ಚು. ಆದ್ದರಿಂದ ಪದ್ಮಿನಿಯ ಎಂಜಿನು ಕೊಳ್ಳುವವನು ಹೆಡ್ಡನ್ನು ತೆಗೆಸಿ, ಅದರ ಮೇಲೆ ಉಕ್ಕಿನ ನೇರಪಟ್ಟಿಯಿಟ್ಟು, ಅಡಿಯಿಂದ ಬೆಳಕು ನುಸುಳುವುದೇ ಎಂದು ನೋಡಬೇಕು. ಮೊದಲ ಬಾರಿಗೆ ಕೈಹಾಕುವವನಿಗೆ ಅಂಬಾಸಡರಿನ ಕಬ್ಬಿಣವೇ ಹೆಚ್ಚು ನೆಮ್ಮದಿಯದು.

ಯಾವುದನ್ನೇ ಆರಿಸಲಿ, ಪರೀಕ್ಷೆಯ ಕ್ರಮ ಒಂದೇ. ಮೊದಲು ಪ್ಲಗ್ಗುಗಳನ್ನು ತೆಗೆದು ಕ್ರ್ಯಾಂಕನ್ನು ಕೈಯಿಂದ ತಿರುಗಿಸಬೇಕು. ತಿರುಗದಿದ್ದರೆ ಸಿಲಿಂಡರಿಗೆ ತುಸು ಎಣ್ಣೆ ಬಿಟ್ಟು ಕೆಲವು ದಿನ ಕಾಯಬೇಕು, ಬಲಪ್ರಯೋಗ ಸಲ್ಲದು. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆಯೆಂದು ತಿಳಿಯಬೇಕು. ಬ್ಲಾಕಿನಲ್ಲಿ ಬಿರುಕಿದ್ದರಂತೂ ಆ ಎಂಜಿನಿಗೆ ದೂರದಿಂದಲೇ ನಮಸ್ಕಾರ. ಸಿಲಿಂಡರಿನ ಮೇಲಂಚಿನಲ್ಲಿ ಬೆರಳಾಡಿಸಿದಾಗ ಎದ್ದು ತಗುಲುವ ಅಂಚು ಸವೆತದ ಗುರುತು. ಪಿಸ್ಟನ್ನಿನ ತಲೆಯ ಮೇಲೆ 20, 40 ಎಂಬ ಅಂಕಿಗಳಿದ್ದರೆ, ಸಿಲಿಂಡರನ್ನು ಹಿಂದೆಯೇ ಅಂಗುಲದ ಸಾವಿರದಲ್ಲಿ ಅಷ್ಟು ಭಾಗ ಕೊರೆದು ಹಿಗ್ಗಿಸಲಾಗಿದೆ ಎಂದರ್ಥ. ಮತ್ತೆ ಕೊರೆಯಲು ಲೋಹ ಉಳಿದಿದೆಯೇ, ಇಲ್ಲವೇ ಹೊಸ ಸ್ಲೀವು ತೊಡಿಸಬೇಕೇ ಎಂಬುದನ್ನು ಲೇತಿನವನು ಅಳೆದು ಹೇಳಬೇಕು.

ಕಾಗದಪತ್ರವನ್ನೂ ಮರೆಯುವಂತಿಲ್ಲ. ಎಂಜಿನನ್ನು ಕಾರಿಗೆ ಕೂಡಿಸಿ ರಸ್ತೆಗೆ ತರುವ ಆಸೆಯಿದ್ದರೆ ಅದರ ಸಂಖ್ಯೆ ನೋಂದಣಿ ಪುಸ್ತಕದೊಡನೆ ಹೊಂದಬೇಕು. ಬೇರೆ ಎಂಜಿನು ಕೂಡಿಸಿದರೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದಂತೆ 50 ವರ್ಷ ಮೀರಿದ ಕಾರುಗಳಿಗೆ ‘ವಿಂಟೇಜ್’ ನೋಂದಣಿ ದೊರೆಯುತ್ತದೆ. ಆದರೆ ಚಾಸಿ, ದೇಹ, ಎಂಜಿನುಗಳು ಮೂಲರೂಪದಲ್ಲಿಯೇ ಉಳಿದಿರಬೇಕು. ಹಳೆಯ ಕಾರಿಗೆ ಕಂಡ ಎಂಜಿನನ್ನು ಜೋಡಿಸುವವನು ಈ ಗೌರವವನ್ನು ಕಳೆದುಕೊಳ್ಳುತ್ತಾನೆ.

ಇವೆಲ್ಲಕ್ಕಿಂತ ಬೇಗ ಕರಗುತ್ತಿರುವ ಸಾಮಗ್ರಿ ಇನ್ನೊಂದಿದೆ. ಅಂಬಾಸಡರಿನ ವಾಲ್ವಿಗೂ ರಾಕರಿಗೂ ನಡುವೆ 0.015 ಅಂಗುಲದ ಸಂದಿರಬೇಕು. ಪುಸ್ತಕ ನೋಡದೆ, ಸದ್ದು ಕೇಳಿಯೇ ಆ ಸಂದನ್ನು ಸರಿಪಡಿಸಬಲ್ಲ ಹಿರಿಯ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಬಿಡಿಭಾಗವನ್ನು ಹತ್ತು ವರ್ಷದ ಅನಂತರವೂ ಯಾರಾದರೂ ತಯಾರಿಸಿಯಾರು. ಕೈಯ ಅರಿವನ್ನು ಹಾಗೆ ತಯಾರಿಸಲಾಗದು. ಊರಿನ ಹಿರಿಯ ಮಿಸ್ತ್ರಿ ಬಲ್ಲ ಎಂಜಿನನ್ನೇ ಆರಿಸಿ, ಅವನ ಪಕ್ಕದಲ್ಲಿ ನಿಂತು ಬಿಚ್ಚುವ ತರುಣ ಯಂತ್ರದ ಜೊತೆಗೆ ಆ ವಿದ್ಯೆಯನ್ನೂ ಉಳಿಸಿಕೊಳ್ಳುತ್ತಾನೆ.

ಎಂಜಿನು ಮತ್ತೆ ಕೂಡಿ ಕಾರಿಗೆ ಏರಿದ ಮೇಲೆ ಅದನ್ನು ಪಳಗಿಸಬೇಕು. ಮೊದಲ 800 ಕಿಲೋಮೀಟರು ಅವಸರ ಸಲ್ಲದು; ಹೊಸ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳಲು ಅಷ್ಟು ಓಟ ಬೇಕು. ಅದಕ್ಕೆ ರೋಜಾದಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿ ಅನುಕೂಲವಾದುದು. ಮಹಾಗಾಂವ ಕ್ರಾಸ್ ದಾಟಿ ಕಮಲಾಪುರಕ್ಕೆ ಹೋಗಿ ಬಂದರೆ ಸುಮಾರು 80 ಕಿಲೋಮೀಟರು. ಹತ್ತು ಸಲ ಹೋಗಿಬಂದರೆ ಪಳಗಿಸುವ ಅವಧಿ ಮುಗಿಯಿತು.

ನಗರ ಮುಗಿದೊಡನೆ ತೊಗರಿಯ ಕರಿನೆಲ. ಕಮಲಾಪುರ ಸಮೀಪಿಸಿದಂತೆ ಮಣ್ಣಿಗೆ ಕೆಂಪು ಏರುತ್ತದೆ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಮಲಾಪುರದ ಕೆಂಬಾಳೆ ಈ ನೆಲದ ಬೆಳೆ. ಉಳಿದ ಬಾಳೆಗಿಂತ ತಡವಾಗಿ ಗೊನೆ ಕೊಡುವ ಇದನ್ನು ಬೆಳೆಯುವ ರೈತನಿಗೆ ತಾಳ್ಮೆಯನ್ನು ಯಾರೂ ಬೋಧಿಸಬೇಕಾಗಿಲ್ಲ. ಇಲ್ಲಿ ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ, ಎಣ್ಣೆ ಎಲ್ಲಾದರೂ ಜಿನುಗಿದೆಯೇ, ನೀರು ಇಳಿದಿದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಎಂಜಿನು ಆರುವಷ್ಟರಲ್ಲಿ ಎರಡು ಕೆಂಬಾಳೆ ಸವಿಯಬಹುದು.

ಹತ್ತನೆಯ ಪ್ರಯಾಣದ ಬಳಿಕ ಹಳೆಯ ಎಣ್ಣೆಯನ್ನು ತಟ್ಟೆಗೆ ಇಳಿಸಿ ಬಿಸಿಲಿನಲ್ಲಿ ನೋಡಬೇಕು. ಅದರಲ್ಲಿ ಲೋಹದ ಚೂರುಗಳು ಹೊಳೆದರೆ ಬೇರಿಂಗುಗಳನ್ನು ಮತ್ತೆ ಬಿಚ್ಚದೆ ಗತಿಯಿಲ್ಲ. ಎಣ್ಣೆ ಬರಿಯ ಕಪ್ಪಾಗಿ, ಹೊಳಪಿಲ್ಲದೆ ಇಳಿದರೆ ಹೊಸ ಎಣ್ಣೆ ತುಂಬಿ ಹುಮನಾಬಾದಿನವರೆಗೂ ನಿಶ್ಚಿಂತೆಯಿಂದ ಹೋಗಿಬರಬಹುದು.