ಖಾಲಿ ಟ್ಯಾಂಕು

‘ಸಾಹೇಬ್, ಗಾಡೀತೂನ್ ಪೆಟ್ರೋಲ್ ಗಳತಯ್.’

ಶುಕ್ರವಾರ ಬೆಳಗ್ಗೆ ಆಫೀಸಿನ ಕಾಲ್ ನಡುವೆ ನಮ್ಮ ಸೊಸೈಟಿಯ ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ ಹೀಗೆಂದಾಗ, ಯಾವ ಗಾಡಿ ಎಂದು ಕೇಳಬೇಕಾಗಿರಲಿಲ್ಲ. ನಮ್ಮ ಬೇಸ್‌ಮೆಂಟಿನಲ್ಲಿ ಸೋರುವಷ್ಟು ವಯಸ್ಸಾದ ಗಾಡಿ ಒಂದೇ ಇರುವುದು. ಅಪ್ಪನ ಯೆಜ್ಡಿ ರೋಡ್‌ಕಿಂಗ್.

ಅಪ್ಪ ಅದನ್ನು ಕೊಂಡದ್ದು 1984ರಲ್ಲಿ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಪಶುವೈದ್ಯ ಇಲಾಖೆಯ ಕೆಲಸ. ರಾತ್ರಿ ಎರಡು ಗಂಟೆಗೂ ಯಾರಾದರೂ ಬಂದು ‘ಹಸು ಕರು ಹಾಕ್ತಾ ಇಲ್ಲ ಸಾ’ ಎಂದು ಬಾಗಿಲು ತಟ್ಟುವರು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವ ಆ ಗಾಡಿ ಎದ್ದರೆ ಬೀದಿಗೆ ಬೀದಿಯೇ ಏಳುತ್ತಿತ್ತು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪನ ಗಾಡಿ ಮುಚ್ಚಲಿಲ್ಲ. ಅದರ ಟ್ಯಾಂಕಿನ ಮರೂನ್ ಬಣ್ಣ ಪಕ್ಕದ ಡಬ್ಬಗಳ ಬಣ್ಣಕ್ಕಿಂತ ಒಂಚೂರು ಗಾಢ. ಬಿಸಿಲಿಗೆ ಹಾಗಾಗಿರಬೇಕು ಎಂದುಕೊಂಡೇ ನಾನು ಬೆಳೆದದ್ದು.

ಅಮ್ಮ ಹೋದ ಮೇಲೆ ಅಪ್ಪನನ್ನು ಪುಣೆಗೆ ಕರೆತಂದೆ. ಅವರು ಹಾಕಿದ ಷರತ್ತು ಒಂದೇ: ಗಾಡಿಯೂ ಬರಬೇಕು. ಅರಸೀಕೆರೆಯಲ್ಲಿ ರೈಲ್ವೆ ಪಾರ್ಸೆಲ್‌ಗೆ ಹಾಕುವಾಗ ಟ್ಯಾಂಕ್ ಖಾಲಿ ಮಾಡಿಸಿದರು, ಅದು ನಿಯಮ. ಇಲ್ಲಿಗೆ ಬಂದ ಮೇಲೆ ‘ತುಂಬಿಸಿಡು ಕಣೋ, ಖಾಲಿ ಇಟ್ರೆ ಒಳಗೆ ತುಕ್ಕು ಹಿಡಿಯುತ್ತೆ’ ಎಂದು ಅಪ್ಪ ಮೂರು ಸಲವಾದರೂ ಹೇಳಿರಬೇಕು. ಓಡದ ಗಾಡಿಗೆ ಪೆಟ್ರೋಲ್ ಯಾಕೆ ಎಂದು ನಾನು ಬಿಟ್ಟೆ. ಒಂದು ಪೂರ್ತಿ ಮಳೆಗಾಲ ಅದು ಹಾಗೇ ನಿಂತಿತು. ಖಾಲಿ ಟ್ಯಾಂಕ್ ಎಂದರೆ ಗಾಳಿ ತುಂಬಿದ ಟ್ಯಾಂಕ್. ರಾತ್ರಿ ತಂಪಿಗೆ ಆ ಗಾಳಿಯ ತೇವ ತಗಡಿನ ಒಳಮೈಗೆ ಬೆವರಿನಂತೆ ಕೂರುತ್ತದೆ, ಇಳಿದು ತಳ ಸೇರುತ್ತದೆ. ತುಕ್ಕು ಹಿಡಿಯುವುದು ಅಲ್ಲಿಂದಲೇ. ಆಯುಧಪೂಜೆಗೆ ಸ್ಟಾರ್ಟ್ ಮಾಡೋಣವೆಂದು ಬಂಕಿನವರೆಗೆ ತಳ್ಳಿಕೊಂಡು ಹೋಗಿ ಮೂರು ಲೀಟರ್ ಹಾಕಿಸಿ, ಟೂ-ಸ್ಟ್ರೋಕ್ ಆಯಿಲ್ ಬೆರೆಸಿ ತಂದು ನಿಲ್ಲಿಸಿದ ಮಾರನೆಯ ದಿನವೇ ಈ ಫೋನು.

ಕೆಳಗೆ ಹೋಗುವಷ್ಟರಲ್ಲಿ ಅಪ್ಪ ಅಲ್ಲಿದ್ದರು. ಕೈಯಲ್ಲಿ ಬಟ್ಟೆ ಸೋಪು. ಟ್ಯಾಂಕಿನ ಕೆಳಗಿನ ಅಂಚಿನಲ್ಲಿ, ಪೆಟ್ರೋಲ್ ಕಾಕ್‌ನಿಂದ ಎರಡು ಬೆರಳು ಹಿಂದೆ, ಒಣ ಸೋಪನ್ನು ಒತ್ತಿ ಉಜ್ಜುತ್ತಿದ್ದರು. ಪೆಟ್ರೋಲಿಗೆ ಸೋಪು ಕರಗುವುದಿಲ್ಲ. ಸಣ್ಣ ತೂತಾದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಹಳೆಯ ಸವಾರರಿಗೆಲ್ಲ ಗೊತ್ತಿದ್ದ ಉಪಾಯ. ತೊಟ್ಟಿಕ್ಕುವುದು ನಿಂತಿತು.

‘ಇಲ್ಲಿಂದ ಮೊದ್ಲು ಆಚೆ ತಗೊಂಡ್ ಹೋಗು. ಸ್ಟಾರ್ಟ್ ಗೀರ್ಟ್ ಮಾಡ್ಬೇಡ, ತಳ್ಳು.’

ಅವರು ಹೇಳಿದ್ದು ಸರಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗಿ ಕಾಣೆಯಾಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ತಗ್ಗು ಹುಡುಕುತ್ತದೆ. ನಮ್ಮ ಬೇಸ್‌ಮೆಂಟಿನ ತಗ್ಗಿನಲ್ಲಿರುವುದು ನೀರಿನ ಪಂಪು, ಅದರ ಸ್ವಿಚ್ಚು. ರ‍್ಯಾಂಪ್ ಮೇಲೆ ಗಾಡಿ ತಳ್ಳುವಾಗ ಎದೆ ಹೊಡೆದುಕೊಳ್ಳುತ್ತಿದ್ದುದು ಬರೀ ಏರಿನಿಂದಲ್ಲ. ಕಾಂಪೌಂಡಿನ ಹಿಂದಿನ ಬಯಲಿನಲ್ಲಿ, ಬ್ಯಾಟರಿ ವೈರ್ ಬಿಚ್ಚಿ, ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟು, ಕಾಕ್‌ನಿಂದ ತಗಡಿನ ಕ್ಯಾನಿಗೆ ಇಳಿಸಿದೆವು. ಪ್ಲಾಸ್ಟಿಕ್ ಬಿಂದಿಗೆ ತಂದ ನನ್ನನ್ನು ಅಪ್ಪ ವಾಪಸ್ ಕಳಿಸಿದ್ದರು. ಏನಾಗುತ್ತಿದೆ ನೋಡಲು ಬಂದ ವಾಚ್‌ಮನ್ ಬಾಯಲ್ಲಿ ಬೀಡಿ ಇತ್ತು. ಎಪ್ಪತ್ತಾರರ ಅಪ್ಪ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕಂಡದ್ದೇ ಇಲ್ಲ, ಅದೂ ಅಚ್ಚ ಹಾಸನದ ಕನ್ನಡದಲ್ಲಿ. ವಾಚ್‌ಮನ್‌ಗೆ ಪೂರ್ತಿ ಅರ್ಥವಾಯಿತು.

ಶನಿವಾರ ಟ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿ, ಅಪ್ಪನನ್ನೂ ಕೂರಿಸಿಕೊಂಡು ಆಟೋದಲ್ಲಿ ನಾನಾ ಪೇಠಿಗೆ ಹೋದೆ. ವಾಹನಗಳ ಬಿಡಿಭಾಗ ಬೇಕೆಂದರೆ ಪುಣೆಯವರು ಹೋಗುವುದು ಅಲ್ಲಿಗೇ. ಒಂದು ವೆಲ್ಡಿಂಗ್ ಅಂಗಡಿಯ ಹುಡುಗ ಟ್ಯಾಂಕನ್ನು ಅಲ್ಲಾಡಿಸಿ ಕಿವಿಗೆ ಹಿಡಿದು, ‘ಖಾಲಿ ಹೈ, ದಸ್ ಮಿನಿಟ್ ಕಾ ಕಾಮ್’ ಎಂದು ಟಾರ್ಚ್ ತೆಗೆದುಕೊಂಡ.

ನಾನು ಎಂಟೆಕ್ ಮಾಡಿದ್ದು ಥರ್ಮಲ್‌ನಲ್ಲಿ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡುವು ಕಾಯುತ್ತಿದ್ದರೂ ಒಂದೆರಡು ಅಂಕಿ ಮರೆತಿಲ್ಲ. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು 1.4ರಿಂದ 7.6 ಪ್ರತಿಶತ ಇದ್ದರೆ ಕಿಡಿ ತಗುಲಿದ ಕೂಡಲೇ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಇದಕ್ಕಿಂತ ದಟ್ಟ, ಉರಿಯಲು ಗಾಳಿ ಸಾಲದು. ಬರಿದು ಮಾಡಿದ ಟ್ಯಾಂಕಿನಲ್ಲಿಯೇ ಎರಡೂ ಹದವಾಗಿ ಬೆರೆಯುವುದು. ತೊಟ್ಟು ಬೀಳದಿದ್ದರೂ ತುಕ್ಕಿನ ಪದರದ ಹಿಂದೆ, ಹೊಲಿಗೆಯ ಸಂದಿಯಲ್ಲಿ ಪೆಟ್ರೋಲ್ ಕೂತಿರುತ್ತದೆ. ಜ್ವಾಲೆಯ ಬಿಸಿಗೆ ಆವಿಯಾಗಿ ಹೊರಬರುತ್ತದೆ. ಅಂದರೆ ನಿನ್ನೆ ತೊಳೆದಿಟ್ಟ ಟ್ಯಾಂಕೂ ಇವತ್ತು ಟಾರ್ಚ್ ಹಿಡಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಇದನ್ನೆಲ್ಲ ನನ್ನ ಮುರುಕು ಹಿಂದಿಯಲ್ಲಿ ಹುಡುಗನಿಗೆ ಹೇಳತೊಡಗಿದೆ.

ಒಳಗಿನಿಂದ ವಯಸ್ಸಾದ ಮಾಲೀಕರು ಬಂದರು. ಹುಡುಗನ ಕೈಯಿಂದ ಟಾರ್ಚ್ ಕಿತ್ತುಕೊಂಡು, ಸರಿಯಾದ ಕ್ರಮ ಹೇಳಿದರು: ಬಿಸಿನೀರು ಸೋಪುಪುಡಿಯಲ್ಲಿ ನಾಲ್ಕೈದು ಸಲ ತೊಳೆಯಬೇಕು, ಮುಚ್ಚಳ ಕಾಕ್ ತೆಗೆದು ಬಯಲಲ್ಲಿ ದಿನಗಟ್ಟಲೆ ಬಿಡಬೇಕು, ಆಮೇಲೆ ತೂತು ಮೇಲೆ ಬರುವ ಹಾಗೆ ತಿರುಗಿಸಿ, ತೂತಿನ ಅಂಚಿನವರೆಗೂ ನೀರು ತುಂಬಿಸಿ, ಹಿತ್ತಾಳೆ ಬೆಸುಗೆ. ಒಳಗೆ ಆವಿಗೆ ಜಾಗವೇ ಇರಬಾರದು. ಮುಂದಿನ ವಾರ ಮಾಡಿಕೊಡುತ್ತೇನೆ ಎಂದರು. ಒಳ್ಳೆಯ ಕೈ ಸಿಕ್ಕಿತೆಂದು ನನಗೆ ಖುಷಿ. ತಿರುಗಿ ನೋಡಿದರೆ ಅಪ್ಪ ಟ್ಯಾಂಕನ್ನು ಎತ್ತಿಕೊಂಡು ಆಟೋ ನಿಲ್ಲಿಸುತ್ತಿದ್ದಾರೆ.

‘ಬೆಂಕಿ ಬೇಡ. ಹೋಗಣ ನಡಿ.’

‘ಅಪ್ಪ, ಅವರು ಸರಿಯಾಗೇ ಹೇಳ್ತಿದ್ದಾರೆ.’

‘ಸರಿಯಾಗೇ ಹೇಳ್ತಾರೆ. ಬೇಡ.’

ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಮುದುಕರ ಹಟ ಎಂದು ಸಿಟ್ಟು ಬಂದಿತ್ತು.

ಬೆಂಕಿಯಿಲ್ಲದ ದಾರಿ ಉದ್ದ. ಮೂರು ವಾರ ಹಿಡಿಯಿತು. ಬಾಲ್ಕನಿ ಬೇಡವೆಂದು ಟೆರೇಸ್ ಮೇಲೆ ಕೂತೆವು. ಬಿಸಿನೀರಿನಲ್ಲಿ ತೊಳೆದು ತೊಳೆದು ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟದ್ದಾಯಿತು. ಮೂಗಿಗೆ ವಾಸನೆ ಇಲ್ಲದ್ದು ಒಳಗೆ ಆವಿ ಇಲ್ಲವೆನ್ನುವುದಕ್ಕೆ ಸಾಕ್ಷಿಯಲ್ಲ ಎಂಬುದು ಬೇರೆ ಮಾತು. ನೀರಿನ ಜೊತೆ ಒಂದು ಹಿಡಿ ನಟ್ಟು ಬೋಲ್ಟು ಹಾಕಿ ಅಲ್ಲಾಡಿಸಿದೆವು, ಚಹಾ ಬಣ್ಣದ ನೀರು ಬಂತು. ಆಮೇಲೆ ಸಿಟ್ರಿಕ್ ಆಸಿಡ್ ಕರಗಿಸಿ ತುಂಬಿಸಿ ಇಟ್ಟೆವು. ತಗಡಿನ ಮೇಲೆ ಆಮ್ಲ ಕೆಲಸ ಮಾಡುವಾಗ ಹೈಡ್ರೋಜನ್ ಬರುತ್ತದೆ, ಅದೂ ಉರಿಯುವ ಅನಿಲವೇ. ಹಾಗಾಗಿ ಮುಚ್ಚಳ ಬಿಗಿ ಮಾಡಲಿಲ್ಲ. ಮಾರನೆಯ ದಿನ ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಒಳಗೆ ಬೂದು ಬಣ್ಣದ ಶುದ್ಧ ತಗಡು. ತೂತು ಒಂದಲ್ಲ, ಐದು.

ಈ ದಿನಗಳಲ್ಲಿ ಅಪ್ಪ ಮಾತಾಡತೊಡಗಿದ್ದರು. ಅಮ್ಮ ಹೋದಮೇಲೆ ಅವರ ಮಾತೆಲ್ಲ ‘ಹ್ಞೂ’, ‘ಸಾಕು’ ಎನ್ನುವಲ್ಲಿಗೆ ಬಂದು ನಿಂತಿತ್ತು. ಈಗ ಸೊಸೆಯನ್ನು ಕೇಳಿ ಹಳೆಯ ಟವೆಲ್ ತರುವರು, ಮೊಮ್ಮಗಳಿಗೆ ಬೋಲ್ಟ್ ಎಣಿಸಲು ಕೊಡುವರು.

ಈ ಶುದ್ಧ ತಗಡಿನ ತೊಂದರೆ ಏನೆಂದರೆ, ತೇವ ಉಳಿದರೆ ನೋಡನೋಡುತ್ತ ಮತ್ತೆ ಕೆಂಪಾಗುತ್ತದೆ. ಬೇಗ ಒಣಗಿಸಬೇಕು. ನೀರನ್ನು ಎಳೆದುಕೊಳ್ಳಲಿ ಎಂದು ಪೇಂಟ್ ಅಂಗಡಿಯಿಂದ ತಂದ ಅಸಿಟೋನ್ ಸುರಿದು ಅಲ್ಲಾಡಿಸಿ ಚೆಲ್ಲಿದೆ. ಇನ್ನೂ ಬೇಗ ಆಗಲೆಂದು ಮಗಳ ಹೇರ್ ಡ್ರೈಯರ್ ತಂದು, ಟ್ಯಾಂಕಿನ ಬಾಯಿಗೆ ಹಿಡಿದು, ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚಿಗೆ ಬೆರಳಿಟ್ಟೆ.

ಅಪ್ಪ ಪ್ಲಗ್ಗನ್ನು ಕಿತ್ತು ಎಸೆದರು.

ಅಸಿಟೋನ್ ಮೈನಸ್ ಇಪ್ಪತ್ತು ಡಿಗ್ರಿಯ ಹತ್ತಿರವೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಡ್ರೈಯರ್ ಒಳಗೆ ಇರುವುದು ಕೆಂಪಗೆ ಕಾಯುವ ತಂತಿ. ಇದು ನನಗೆ ಗೊತ್ತಿಲ್ಲದ್ದಲ್ಲ. ನಾನಾ ಪೇಠಿನಲ್ಲಿ ಆ ಹುಡುಗನಿಗೆ ಪಾಠ ಮಾಡಿದವನು ನಾನೇ. ಅಪ್ಪನಿಗೆ ಅಸಿಟೋನ್ ಎಂದರೇನೆಂದು ಗೊತ್ತಿರಲಿಲ್ಲ. ಅವರು ಬರೀ ವಾಸನೆ ನೋಡಿದ್ದರು.

ಅವರ ಕೈ ನಡುಗುತ್ತಿತ್ತು. ಟೆರೇಸಿನ ಗೋಡೆಗೆ ಒರಗಿ ಕೂತರು. ಆಮೇಲೆ ಹೇಳಿದರು.

‘ತೊಂಬತ್ತೊಂದನೇ ಇಸವಿ. ಟ್ಯಾಂಕ್ ಹಿಂಗೇ ಸೋರ್ತಿತ್ತು. ಆಚಾರ್ರ ಅಂಗಡಿಗೆ ತಗೊಂಡು ಹೋದೆ. ಪೂರ್ತಿ ಖಾಲಿ ತಾನೇ ಸಾ ಅಂತ ಕೇಳಿದ್ರು. ಖಾಲಿ ಅಂದೆ. ಬೋರಲು ಹಾಕಿ ತೋರಿಸ್ದೆ, ಒಂದು ತೊಟ್ಟು ಬೀಳ್ಲಿಲ್ಲ. ತೊಳೀಬೇಕಾ ಅಂದ್ರು. ನಂಗೆ ಅರ್ಜೆಂಟಿತ್ತು, ಸಂಜೆ ಕ್ಯಾಂಪು. ಬೇಡ ಬಿಡಿ ಆಚಾರ್ರೇ, ಖಾಲಿ ಐತಲ್ಲ ಅಂದೆ. ಎದುರಿಗೆ ಕಾಫಿ ಕುಡಿಯಕ್ಕೆ ಹೋಗಿದ್ದೆ.’

ಆಚಾರ್ರು ನನಗೆ ಗೊತ್ತು. ಬಲಗೈಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪ್ರತಿ ಯುಗಾದಿಗೆ ಅಪ್ಪ ಬೇವು ಬೆಲ್ಲ ತಿಂದ ಮೇಲೆ, ಒಂದು ಕವರ್ ಹಿಡಿದು ಅವರ ಮನೆಗೆ ಹೋಗಿ ಬರುತ್ತಿದ್ದರು. ಸ್ನೇಹ ಎಂದುಕೊಂಡಿದ್ದೆ. ಟ್ಯಾಂಕಿನ ಬಣ್ಣ ಗಾಢವಾಗಿದ್ದುದು ಬಿಸಿಲಿಗಲ್ಲ. ಅದು ಮೈಸೂರಿನಿಂದ ತಂದು ಕೂರಿಸಿದ ಬೇರೆಯೇ ಟ್ಯಾಂಕು.

‘ಅಮ್ಮಂಗೆ ಗೊತ್ತಿತ್ತಾ?’

‘ಅವಳಿಗೆ ಮಾತ್ರ.’

ಟ್ಯಾಂಕ್ ಅವತ್ತು ಬಿಸಿಲಿನಲ್ಲೇ ಒಣಗಿತು. ಒಂದೆರಡು ಕಡೆ ಕೆಂಪು ಬಂತು, ಬಂದರೆ ಬಂತು. ಹೊರಗಿನಿಂದ ಬಣ್ಣ ಕೆರೆದು, ತಗಡು ಉಪ್ಪುಕಾಗದದಲ್ಲಿ ಉಜ್ಜಿ, ಪೆಟ್ರೋಲ್ ತಡೆಯುವ ಎಪಾಕ್ಸಿ ಹಚ್ಚಿದೆವು. ಒಳಗೆ ಟ್ಯಾಂಕ್ ಸೀಲರ್ ಸುರಿದು, ಎಲ್ಲ ಮೂಲೆಗೂ ಹರಿಯುವಂತೆ ಕೂಸನ್ನು ತೂಗಿದ ಹಾಗೆ ಇಬ್ಬರೂ ಸರದಿಯಲ್ಲಿ ತಿರುಗಿಸಿದೆವು. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನೂ ಎಳೆಯುತ್ತದೆ, ಕೆಲವು ಹಳೆಯ ಬಗೆಯ ಲೇಪಗಳನ್ನು ಮೆತ್ತಗೂ ಮಾಡುತ್ತದೆ. ಆದ್ದರಿಂದ ಎಥನಾಲ್ ತಡೆಯುವುದೆಂದು ಡಬ್ಬಿಯ ಮೇಲೆ ಬರೆದದ್ದನ್ನೇ ಹುಡುಕಿ ತಂದಿದ್ದೆ. ಪೂರ್ತಿ ಗಟ್ಟಿಯಾಗಲು ಹೇಳಿದ್ದಕ್ಕಿಂತ ಎರಡು ದಿನ ಹೆಚ್ಚೇ ಬಿಟ್ಟು, ಬಯಲಿನಲ್ಲಿ ಪೆಟ್ರೋಲ್ ಹಾಕಿ, ಕೆಳಗೆ ಪೇಪರ್ ಹಾಸಿ ಕಾದೆವು. ಪೇಪರ್ ಒಣಗಿಯೇ ಇತ್ತು. ಆಯುಧಪೂಜೆ ಯಾವಾಗಲೋ ಮುಗಿದಿತ್ತು. ದೀಪಾವಳಿಗೆ ಅಪ್ಪ ಕಿಕ್ ಹೊಡೆದರು.

ಈ ಯುಗಾದಿಗೆ ಊರಿಗೆ ಹೋದಾಗ, ಆಚಾರ್ರ ಮನೆಗೆ ನಾನೂ ಹೋದೆ. ಅಂಗಡಿ ಈಗ ಮಗನದು, ಗ್ರಿಲ್ಲು ಗೇಟು ಮಾಡುತ್ತಾರೆ. ಆಚಾರ್ರು ಜಗಲಿಯ ಮೇಲೆ ಕೂತಿದ್ದರು. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ, ಹೇಳಲಾಗಲಿಲ್ಲ. ಅಪ್ಪನೇ ಟ್ಯಾಂಕಿನ ಸುದ್ದಿ ತೆಗೆದರು. ಆಚಾರ್ರು ಪೂರ್ತಿ ಕೇಳಿಸಿಕೊಂಡು, ‘ಹಿತ್ತಾಳೆ ಹಾಕ್ಸಿದ್ರಾ?’ ಎಂದರು.

‘ಇಲ್ಲ ಆಚಾರ್ರೇ, ಅಂಟು.’

‘ಅಂಟು ನಿಲ್ಲಾಕಿಲ್ಲ ಸಾ,’ ಎಂದು ತಲೆಯಾಡಿಸಿದರು. ‘ಇಲ್ಲಿಗೆ ತರಬೇಕಿತ್ತು. ನೀರು ತುಂಬ್ಸಿ ಮಾಡಿಕೊಡ್ತಿದ್ದ ನನ್ನ ಮಗ.’