ಅಲಾಯಿ ಕುಣಿಯ ಸುತ್ತ

ಮೊಹರಂ ಬಂತೆಂದರೆ ರಾಯಚೂರು ಸೀಮೆಯ ಎಷ್ಟೋ ಊರುಗಳಲ್ಲಿ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ. ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಅದರ ಸುತ್ತ ಹೆಜ್ಜೆ ಹಾಕುತ್ತಾರೆ. ಮಾನ್ವಿ ತಾಲ್ಲೂಕಿನ ನಮ್ಮೂರ ಕುಣಿಗಂತೂ ದೇವದುರ್ಗದ ಕಡೆಯಿಂದಲೂ ಜನ ಬರುತ್ತಿದ್ದರು. ಬಯಲು ವಿಶಾಲವಾದುದರಿಂದಲೇ ಅಷ್ಟು ಜನವೆಂದು ನಾನು ಬಹುಕಾಲ ನಂಬಿದ್ದೆ. ಓದಿದವನ ಬುದ್ಧಿ!

ಮಳೆ ಕೈಕೊಟ್ಟ ವರ್ಷ ಹಲಗೆಯ ತಾತ ಮಕ್ಕಳೊಡನೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋದರು. ಊರವರು ಪಟ್ಟಿ ಎತ್ತಿ ಆಳೆತ್ತರದ ಸ್ಪೀಕರು ತಂದರು. ಸದ್ದೇನೋ ಮುಗಿಲು ಮುಟ್ಟಿತು, ಹೆಜ್ಜೆ ಮಾತ್ರ ಕೂಡಲಿಲ್ಲ. ತಾತ ಬಾರಿಸುವಾಗ ಕಣ್ಣೆಲ್ಲ ಜನರ ಕಾಲಿನ ಮೇಲೆ. ಅಂಚಿನಲ್ಲಿ ನಾಚಿ ನಿಂತವನ ಬಳಿಗೇ ಬಂದು, ಅವನ ಪಾದ ಅಲುಗುವವರೆಗೆ ಪೆಟ್ಟನ್ನು ನಿಧಾನಿಸುತ್ತಿದ್ದರು. ಇಸ್ತ್ರಿಯ ಪ್ಯಾಂಟಿನ ಈ ಉಪನ್ಯಾಸಕನೂ ಹಾಗೆಯೇ ಒಳಗೆ ಬಿದ್ದವನು. ಪೆಟ್ಟಿಗೆಗೆ ಕಣ್ಣೆಲ್ಲಿ?

ಮರುವರ್ಷ ಫೋನು ಮಾಡಿ ಹಬ್ಬಕ್ಕೆ ಕರೆದೆ.

"ಹತ್ತು ದಿನದ ಪಗಾರ ಹೋಗ್ತದ ಮಾಸ್ತರ. ಕುಣಿಯಾಗಿನ ಬೆಂಕಿಲಿಂದ ಮನಿ ಒಲಿ ಹತ್ತಂಗಿಲ್ಲಲ್ಲ?"

ಪಗಾರಕ್ಕಾಗಿಯೇ ಊರು ಬಿಟ್ಟು ರಾಯಚೂರು ಸೇರಿದ ನಾನು ಏನು ಹೇಳಲಿ? ಸುಮ್ಮನಾದೆ. ತಾತನೇ ಕೇಳಿದರು:

"ಹೋದ ವರ್ಷ ಮೊದಲನೇ ಹೆಜ್ಜಿ ಯಾರು ಹಾಕಿದ್ರು?"

"ಎಲ್ಲಾರೂ ಕೂಡೇ ಹಾಕಿದ್ರು ತಾತ" ಎಂದುಬಿಟ್ಟೆ.